ಜಿನ್ ರಮ್ಮಿ: ಇಬ್ಬರು, ಒಂದು ಕಟ್ಟು, ಕೈಗೆ ಹತ್ತೆಲೆ

ಹದಿಮೂರೆಲೆಯ ರಮ್ಮಿಯಲ್ಲಿ ಪಳಗಿದವರು ಜಿನ್ ರಮ್ಮಿಗೆ ಕೂತರೆ ಮೊದಮೊದಲು ಸೋಲುತ್ತಲೇ ಹೋಗುತ್ತಾರೆ. ಎಲೆ ಕೆಟ್ಟದಾಗಿ ಬಿದ್ದು ಸೋಲುವುದಲ್ಲ. ಅಲ್ಲಿ ಕೈಯಲ್ಲಿರುವ ಅಷ್ಟೂ ಎಲೆ ಜೋಡಣೆಯಾಗುವವರೆಗೆ ಕಾಯಬೇಕು. ಇಲ್ಲಿ ಕೈ ಅರೆಬರೆ ಇರುವಾಗಲೇ ಸುತ್ತನ್ನು ನಿಲ್ಲಿಸುವ ಹಕ್ಕು ಇಬ್ಬರಿಗೂ ಇದೆ. ಆ ಹಕ್ಕನ್ನು ನಾವು ಯಾವಾಗ ಬಳಸಬೇಕು, ಎದುರಿನವರು ಯಾವಾಗ ಬಳಸಿಬಿಡಬಹುದು ಎಂಬ ಲೆಕ್ಕದ ಮೇಲೆ ಇಡೀ ಆಟ ನಿಂತಿದೆ. ಆ ಲೆಕ್ಕ ತಲೆಗೆ ಹತ್ತದೆ ಬರೀ ಎಲೆ ಜೋಡಿಸುತ್ತಾ ಕೂತವರು ಒಳ್ಳೆಯ ಕೈ ಹಿಡಿದುಕೊಂಡೇ ಸೋಲುತ್ತಾರೆ.

ಆಷಾಢದ ಮಳೆ ಹಿಡಿದುಕೊಂಡಾಗ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಇಸ್ಪೀಟು ಹೊರಬರುವುದು ಹೊಸದೇನಲ್ಲ. ಆದರೆ ಕರೆಂಟು ಹೋಗಿ, ದಾರಿಗೆ ಮರ ಬಿದ್ದು, ಮನೆಯಲ್ಲಿ ಇಬ್ಬರೇ ಉಳಿದ ದಿನ ನಾಲ್ಕೈದು ಜನರ ಆಟಗಳು ರುಚಿಸುವುದಿಲ್ಲ. ಜಿನ್ ರಮ್ಮಿ ಇಬ್ಬರಿಗೆಂದೇ ಕಟ್ಟಿದ ಆಟ. 1909ರಲ್ಲಿ ನ್ಯೂಯಾರ್ಕಿನ ಎಲ್ವುಡ್ ಬೇಕರ್ ಎಂಬವರು ಇದನ್ನು ರೂಪಿಸಿದರು ಎಂಬುದು ಆಟದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಹೇಳುವ ಮಾತು. 1930–40ರ ದಶಕಗಳಲ್ಲಿ ಹಾಲಿವುಡ್ಡಿನ ಜನರಿಗೆ ಇದರ ಹುಚ್ಚು ಹಿಡಿದ ಮೇಲೆ ಎಲ್ಲೆಡೆ ಹರಡಿತು. ಬೇಕಾಗುವುದು ಇಷ್ಟೇ: 52 ಎಲೆಯ ಒಂದು ಕಟ್ಟು, ಒಂದು ಕಾಗದ, ಒಂದು ಪೆನ್ಸಿಲ್. ಜೋಕರ್ ಎರಡನ್ನೂ ತೆಗೆದು ಡಬ್ಬಿಯಲ್ಲೇ ಬಿಡಿ.

ಹಂಚುವುದು, ಎತ್ತುವುದು, ಬಿಡುವುದು

ಒಬ್ಬರು ಕಲಸಿ, ಇನ್ನೊಬ್ಬರು ಕಟ್ ಮಾಡಿದ ಮೇಲೆ ಒಂದೊಂದೇ ಎಲೆಯಂತೆ ಇಬ್ಬರಿಗೂ ಹತ್ತು ಹತ್ತು ಹಂಚಬೇಕು. ಮೊದಲ ಎಲೆ ಎದುರಿನವರಿಗೆ. ಇಪ್ಪತ್ತೊಂದನೆಯ ಎಲೆಯನ್ನು ನಡುವೆ ತೆರೆದಿಡಿ. ಉಳಿದ 31 ಎಲೆ ಅದರ ಪಕ್ಕದಲ್ಲಿ ಬೆನ್ನು ಮೇಲಾಗಿ ಕೂರುತ್ತದೆ.

ಆ ತೆರೆದ ಮೊದಲ ಎಲೆಯ ಮೇಲೆ ಹಂಚಿಸಿಕೊಂಡವರಿಗೆ ಮೊದಲ ಹಕ್ಕು. ಅವರಿಗೆ ಬೇಡವಾದರೆ ಹಂಚಿದವರು ಎತ್ತಬಹುದು. ಇಬ್ಬರಿಗೂ ಬೇಡವೆಂದರೆ ಹಂಚಿಸಿಕೊಂಡವರು ಮುಚ್ಚಿದ ಕಟ್ಟಿನಿಂದ ಎಳೆದು ಆಟ ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಸರದಿಯೂ ಒಂದೇ ರೀತಿ. ತೆರೆದ ರಾಶಿಯ ಮೇಲಿನ ಎಲೆಯನ್ನಾದರೂ ಎತ್ತಿ, ಮುಚ್ಚಿದ ಕಟ್ಟಿನ ಮೇಲಿನದನ್ನಾದರೂ ಎಳೆಯಿರಿ. ನಂತರ ಕೈಯಿಂದ ಒಂದನ್ನು ತೆರೆದ ರಾಶಿಗೆ ಬಿಡಿ. ತೆರೆದ ರಾಶಿಯಿಂದ ಎತ್ತಿದ ಎಲೆಯನ್ನೇ ಅದೇ ಸರದಿಯಲ್ಲಿ ವಾಪಸು ಬಿಡುವಂತಿಲ್ಲ. ಬಿಟ್ಟ ಎಲೆಗಳ ರಾಶಿಯನ್ನು ಕೆದಕಿ ನೋಡುವಂತೆಯೂ ಇಲ್ಲ. ಈ ಎರಡನೆಯ ನಿಯಮವನ್ನು ಮನೆಯಾಟದಲ್ಲಿ ಸಡಿಲ ಬಿಡುವವರಿದ್ದಾರೆ. ಬಿಡಬೇಡಿ, ಆಟದ ಅರ್ಧ ಸತ್ವ ಅದರಲ್ಲೇ ಇದೆ.

ಜೋಡಣೆ ಎರಡು ಬಗೆ. ಒಂದೇ ಅಂಕಿಯ ಮೂರು ಅಥವಾ ನಾಲ್ಕು ಎಲೆ ಸೇರಿದರೆ ಸೆಟ್. ಒಂದೇ ಬಣ್ಣದಲ್ಲಿ, ಎಂದರೆ ಎಲ್ಲವೂ ಆಟೀನ್ ಅಥವಾ ಎಲ್ಲವೂ ಕಳಾವರ್ ಆಗಿ, ಸಾಲಾಗಿ ಮೂರು ಅಥವಾ ಹೆಚ್ಚು ಎಲೆ ಬಂದರೆ ಸೀಕ್ವೆನ್ಸ್. ಎಕ್ಕ ಯಾವಾಗಲೂ ಕೆಳಗಿನ ಎಲೆ. ಎಕ್ಕ-2-3 ನಡೆಯುತ್ತದೆ, ರಾಣಿ-ರಾಜ-ಎಕ್ಕ ನಡೆಯುವುದಿಲ್ಲ. ನಮ್ಮ ಕಡೆಯ ರಮ್ಮಿಯಲ್ಲಿ ಇದು ನಡೆಯುವುದರಿಂದ ಹೊಸಬರು ರಾಜ-ರಾಣಿ ಹಿಡಿದುಕೊಂಡು ಎಕ್ಕಕ್ಕೆ ಕಾಯುತ್ತಾರೆ. ಎಕ್ಕ ಬಂದ ಮೇಲೆ ಗೊತ್ತಾಗುತ್ತದೆ, ಕೈಯಲ್ಲಿ 21 ಪಾಯಿಂಟಿನ ಭಾರ ಮಾತ್ರ ಇದೆ ಎಂದು. ‘ಲೈಫ್’, ಎಂದರೆ ಜೋಕರ್ ಸೇರದ ಒಂದು ಸೀಕ್ವೆನ್ಸ್, ಆಗಲೇಬೇಕೆಂಬ ಕಟ್ಟುಪಾಡೂ ಇಲ್ಲಿಲ್ಲ. ಬರೀ ಸೆಟ್‌ಗಳಿಂದಲೇ ಕೈ ಮುಗಿಸಬಹುದು. ಒಂದೇ ಎಲೆಯನ್ನು ಎರಡು ಜೋಡಣೆಗೆ ಹಂಚಿಕೊಳ್ಳುವಂತಿಲ್ಲ, ಅಷ್ಟೆ.

ಯಾವ ಜೋಡಣೆಗೂ ಸೇರದೆ ಉಳಿದದ್ದಕ್ಕೆ ಇಂಗ್ಲಿಷ್ ಆಟಗಾರರು ಡೆಡ್‌ವುಡ್ ಎನ್ನುತ್ತಾರೆ. ಇಲ್ಲಿ ಬಿಡಿ ಎಲೆ ಎಂದೇ ಕರೆಯೋಣ. ಎಕ್ಕಕ್ಕೆ 1, 2ರಿಂದ 10ರವರೆಗೆ ಅಂಕಿಯಷ್ಟೇ ಬೆಲೆ, ಗುಲಾಮ, ರಾಣಿ, ರಾಜ ಮೂವರಿಗೂ 10. ಕಟ್ಟಿನ 52ರಲ್ಲಿ 16 ಎಲೆಗೆ ಹತ್ತರ ಬೆಲೆ ಇರುವುದರಿಂದ, ಏನೂ ಜೋಡಿಸದ ಹತ್ತೆಲೆಯ ಸರಾಸರಿ ಮೊತ್ತ 65ರ ಆಸುಪಾಸು ಬರುತ್ತದೆ. ಆಟ ಶುರುವಾಗುವಾಗ ಇಬ್ಬರೂ ಹೊತ್ತುಕೊಂಡಿರುವ ಹೊರೆ ಇದು.

ತಟ್ಟುವುದು

ಒಂದು ಎಲೆ ಬಿಟ್ಟ ಮೇಲೆ ಕೈಯಲ್ಲಿರುವ ಬಿಡಿ ಎಲೆಗಳ ಮೊತ್ತ 10 ಅಥವಾ ಅದಕ್ಕಿಂತ ಕಡಿಮೆ ಆಗುವಂತಿದ್ದರೆ ಆ ಆಟಗಾರ ಸುತ್ತನ್ನು ಅಲ್ಲಿಗೇ ನಿಲ್ಲಿಸಬಹುದು. ಇದೇ ನಾಕ್, ಎಂದರೆ ತಟ್ಟುವುದು. ಬಿಡುವ ಎಲೆಯನ್ನು ಮುಖ ಕೆಳಗೆ ಮಾಡಿ ರಾಶಿಯ ಮೇಲಿಟ್ಟು, ಕೈಯ ಹತ್ತನ್ನೂ ಜೋಡಣೆ ಬೇರೆ, ಬಿಡಿ ಬೇರೆ ಮಾಡಿ ಹರಡಬೇಕು. ಎದುರಿನವರೂ ಹಾಗೆಯೇ ಹರಡುತ್ತಾರೆ. ಆದರೆ ಅವರಿಗೆ ಒಂದು ಹೆಚ್ಚಿನ ಅನುಕೂಲವಿದೆ: ತಮ್ಮ ಬಿಡಿ ಎಲೆ ತಟ್ಟಿದವರ ಜೋಡಣೆಗೆ ಹೊಂದಿದರೆ ಅಲ್ಲಿಗೆ ಸೇರಿಸಿ ಭಾರ ಇಳಿಸಿಕೊಳ್ಳಬಹುದು. ತಟ್ಟಿದವರಿಗೆ ಈ ಅನುಕೂಲವಿಲ್ಲ.

ಆಮೇಲೆ ಎರಡೂ ಕಡೆಯ ಬಿಡಿ ಎಣಿಸಬೇಕು. ತಟ್ಟಿದವರದು ಕಡಿಮೆಯಿದ್ದರೆ ವ್ಯತ್ಯಾಸದಷ್ಟು ಪಾಯಿಂಟ್ ಅವರಿಗೆ. ಎದುರಿನವರದು ಕಡಿಮೆಯಾದರೆ, ಇಲ್ಲವೇ ಸಮವಾದರೂ ಸರಿ, ಅದು ಅಂಡರ್‌ಕಟ್: ವ್ಯತ್ಯಾಸದ ಜೊತೆಗೆ 25 ಪಾಯಿಂಟ್ ಎದುರಿನವರಿಗೆ. ಹತ್ತೂ ಎಲೆ ಜೋಡಣೆಯಾಗಿ ಬಿಡಿ ಸೊನ್ನೆಯಾದರೆ ಅದು ಜಿನ್: 25 ಪಾಯಿಂಟ್ ಜೊತೆಗೆ ಎದುರಿನವರ ಬಿಡಿಯೆಲ್ಲ. ಜಿನ್ ಆದಾಗ ಎದುರಿನವರು ಎಲೆ ಸೇರಿಸುವಂತಿಲ್ಲ, ಅಂಡರ್‌ಕಟ್ಟೂ ಆಗದು. ಹಳೆಯ ಪಟ್ಟಿಗಳಲ್ಲಿ ಜಿನ್‌ಗೆ 20, ಅಂಡರ್‌ಕಟ್‌ಗೆ 10 ಅಥವಾ 20 ಎಂದಿರುವುದೂ ಉಂಟು. ಕೂರುವ ಮೊದಲೇ ಯಾವುದೆಂದು ಮಾತಾಡಿಕೊಂಡು ಕಾಗದದ ತುದಿಯಲ್ಲಿ ಬರೆದಿಡಿ. ಮನೆಯಾಟದ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೊಂದರಿಂದಲೇ.

ಒಂದು ಕೈ ಬಿಡಿಸಿ ನೋಡೋಣ. ನಿಮ್ಮಲ್ಲಿ ಇಸ್ಪೀಟ್ 3-4-5-6, ಮೂರು ಒಂಬತ್ತು (ಆಟೀನ್, ಡೈಮನ್, ಕಳಾವರ್), ಜೊತೆಗೆ ಡೈಮನ್ ಎಕ್ಕ, ಆಟೀನ್ 2, ಕಳಾವರ್ 5. ಬಿಡಿ 1+2+5, ಒಟ್ಟು 8. ತಟ್ಟಿದಿರಿ. ಎದುರಿನವರ ಕೈಯಲ್ಲಿ ಮೂರು ರಾಣಿ (ಆಟೀನ್, ಡೈಮನ್, ಕಳಾವರ್), ಕಳಾವರ್ 2-3-4, ಆಮೇಲೆ ಬಿಡಿಯಾಗಿ ಇಸ್ಪೀಟ್ 7, ಇಸ್ಪೀಟ್ 9, ಆಟೀನ್ 8, ಆಟೀನ್ ಎಕ್ಕ. ಅವರ ಬಿಡಿ 25. ನಿಮಗೆ 17 ಪಾಯಿಂಟ್ ಬಂತು ಎನಿಸುತ್ತದೆ. ಇಲ್ಲ. ಅವರು ಇಸ್ಪೀಟ್ 7ನ್ನು ನಿಮ್ಮ ಸೀಕ್ವೆನ್ಸ್‌ನ ಬಾಲಕ್ಕೆ ಸೇರಿಸುತ್ತಾರೆ. ಇಸ್ಪೀಟ್ 9ನ್ನು ನಿಮ್ಮ ಒಂಬತ್ತುಗಳ ಪಕ್ಕ ಇಡುತ್ತಾರೆ. ಉಳಿದದ್ದು 8+1, ಒಟ್ಟು 9. ನಿಮಗೆ ಸಿಕ್ಕಿದ್ದು ಒಂದೇ ಒಂದು ಪಾಯಿಂಟ್. ಅವರಲ್ಲಿ ಆಟೀನ್ 8ರ ಬದಲು ಆಟೀನ್ 6 ಇದ್ದಿದ್ದರೆ ಬಿಡಿ 7ಕ್ಕೆ ಇಳಿದು, ಅಂಡರ್‌ಕಟ್ಟಾಗಿ, ಅವರಿಗೇ 26 ಹೋಗುತ್ತಿತ್ತು. ಅದೇ ನೀವು ಇನ್ನೂ ಕಾದು ಜಿನ್ ಮಾಡಿದ್ದು, ಅಷ್ಟರೊಳಗೆ ಅವರ ಕೈ ಬದಲಾಗಿರದಿದ್ದರೆ 25+25, ಒಟ್ಟು 50 ನಿಮ್ಮದು.

ಈ ಉದಾಹರಣೆಯಲ್ಲಿ ಗಮನಿಸಬೇಕಾದದ್ದು ನಿಮ್ಮ ಬಿಡಿ ಎಂಟಿತ್ತು ಎಂಬುದನ್ನಲ್ಲ. ನಿಮ್ಮ ಜೋಡಣೆಗಳೇ ಎದುರಿನವರಿಗೆ 16 ಪಾಯಿಂಟ್ ಇಳಿಸಲು ಜಾಗ ಕೊಟ್ಟವು. ಮೂರರ ಸೆಟ್‌ಗೆ ಒಂದು ಬಾಗಿಲು, ನಾಲ್ಕರ ಸೆಟ್‌ಗೆ ಬಾಗಿಲೇ ಇಲ್ಲ. ನಡುವಿನ ಸೀಕ್ವೆನ್ಸ್‌ಗೆ ಎರಡೂ ತುದಿ ತೆರೆದಿರುತ್ತದೆ. ಎಕ್ಕದಿಂದ ಶುರುವಾಗುವ ಅಥವಾ ರಾಜನಿಗೆ ಮುಗಿಯುವ ಸೀಕ್ವೆನ್ಸ್‌ಗೆ ಒಂದೇ ತುದಿ. ತಟ್ಟುವ ಮುಂಚೆ ಬಿಡಿಯನ್ನು ಮಾತ್ರ ಎಣಿಸದೆ ಈ ಬಾಗಿಲುಗಳನ್ನೂ ಎಣಿಸಬೇಕು. ಆ ಬಾಗಿಲಿಗೆ ಹೊಂದುವ ಎಲೆ ಆಗಲೇ ರಾಶಿಗೆ ಬಿದ್ದಿದ್ದರೆ ಬಾಗಿಲು ಮುಚ್ಚಿದೆ ಎಂದೇ ಲೆಕ್ಕ. ಮೇಲಿನ ಕೈಯಲ್ಲಿ ಇಸ್ಪೀಟ್ 9 ರಾಶಿಯಲ್ಲಿದ್ದಿದ್ದರೆ ಎಂಟರ ಮೇಲೆ ತಟ್ಟುವುದಕ್ಕೆ ಅಷ್ಟು ಹೆದರಬೇಕಿರಲಿಲ್ಲ.

ಯಾವಾಗ ತಟ್ಟಬೇಕು

ಮೊದಲ ಐದಾರು ಸರದಿಯೊಳಗೆ ತಟ್ಟುವ ಅವಕಾಶ ಬಂದರೆ ತಟ್ಟಿಬಿಡಿ. ಬಿಡಿ ಹತ್ತಿದ್ದರೂ ಸರಿ. 65ರ ಸುಮಾರಿನಿಂದ ಶುರು ಮಾಡಿದ ಎದುರಿನ ಕೈ ಅಷ್ಟು ಬೇಗ ಇಳಿದಿರುವುದು ಕಡಿಮೆ. ಒಂದು ಜೋಡಣೆ ಆಗಿದ್ದರೂ ಇನ್ನೂ ಏಳು ಬಿಡಿ ಎಲೆ ಇರುತ್ತವೆ. ಹದಿಮೂರೆಲೆಯ ಅಭ್ಯಾಸದವರು ಇಲ್ಲಿಯೇ ಎಡವುತ್ತಾರೆ. ಮೂರನೆಯ ಸರದಿಗೆ ಏಳು ಪಾಯಿಂಟಿನ ಕೈ ಸಿಕ್ಕಿದರೂ ಇನ್ನೊಂದೆರಡು ಎಲೆ ಬಂದರೆ ಜಿನ್ ಎಂದು ಕಾಯುತ್ತಾರೆ. ಆ ಎರಡು ಎಲೆಗೆ ಆರು ಸರದಿ ಹಿಡಿಯುತ್ತದೆ. ಅಷ್ಟರಲ್ಲಿ ಎದುರಿನವರ 40 ಪಾಯಿಂಟ್ 12ಕ್ಕೆ ಇಳಿದಿರುತ್ತದೆ, ಇಲ್ಲವೇ ಅವರೇ ತಟ್ಟಿರುತ್ತಾರೆ.

ಸುತ್ತು ಉದ್ದವಾದಷ್ಟೂ ಲೆಕ್ಕ ತಿರುಗುತ್ತದೆ. ಎಂಟು ಹತ್ತು ಸರದಿ ಕಳೆದ ಮೇಲೆ ಎದುರಿನವರು ಇನ್ನೂ ತಟ್ಟಿಲ್ಲವೆಂದರೆ ಎರಡರಲ್ಲೊಂದು ಇರಬೇಕು. ಅವರ ಕೈ ನಿಜಕ್ಕೂ ಕೆಟ್ಟಿದೆ, ಅಥವಾ ಕಡಿಮೆ ಬಿಡಿ ಹಿಡಿದು ನಿಮ್ಮ ತಟ್ಟುವಿಕೆಗೇ ಕಾದು ಕೂತಿದ್ದಾರೆ. ಯಾವುದೆಂದು ಅವರು ಬಿಡುತ್ತಿರುವ ಎಲೆ ಹೇಳುತ್ತದೆ. ಇನ್ನೂ ರಾಜ, ಗುಲಾಮ ಬೀಳುತ್ತಿದ್ದರೆ ಕೈ ಭಾರವಾಗಿದೆ. 2, 3, 4 ಬೀಳತೊಡಗಿದರೆ ಎಚ್ಚರ: ಸಣ್ಣ ಎಲೆಯನ್ನೂ ಬಿಡುವಷ್ಟು ಅವರ ಕೈ ತುಂಬಿದೆ. ಆ ಹೊತ್ತಿನಲ್ಲಿ 9 ಅಥವಾ 10ರ ಮೇಲೆ ತಟ್ಟುವುದು 25 ಪಾಯಿಂಟನ್ನು ಕೈಯೆತ್ತಿ ಕೊಟ್ಟಂತೆ. ನಾಲ್ಕೈದಕ್ಕೆ ಇಳಿಸಿಕೊಂಡು ತಟ್ಟಿ, ಇಲ್ಲವೇ ಜಿನ್‌ಗೆ ಹೋಗಿ.

ಮುಚ್ಚಿದ ಕಟ್ಟಿನಲ್ಲಿ ಎರಡೇ ಎಲೆ ಉಳಿದು, ಯಾರೂ ತಟ್ಟದಿದ್ದರೆ ಸುತ್ತು ರದ್ದು. ಯಾರಿಗೂ ಪಾಯಿಂಟ್ ಇಲ್ಲ, ಹಂಚಿದವರೇ ಮತ್ತೆ ಹಂಚಬೇಕು. ಕೆಟ್ಟ ಕೈ ಬಂದವರಿಗೆ ಇದೂ ಒಂದು ದಾರಿಯೇ. ಗೆಲ್ಲುವ ಆಸೆ ಬಿಟ್ಟು, ಎದುರಿನವರಿಗೆ ಬೇಕಾದ ಎಲೆಗಳನ್ನೆಲ್ಲ ಹಿಡಿದಿಟ್ಟು, ಅವರು ಮುಟ್ಟದ ಎಲೆಗಳನ್ನೇ ಬಿಡುತ್ತಾ 29 ಎಳೆತಗಳನ್ನು ಕಳೆದುಬಿಟ್ಟರೆ ಸೋಲು ತಪ್ಪುತ್ತದೆ.

ಎಲೆಯ ಬೆಲೆ, ಎಲೆಯ ಶಕ್ತಿ

ಎಲೆಯ ಪಾಯಿಂಟ್ ಒಂದು, ಅದರ ಜೋಡಣೆಯ ಶಕ್ತಿ ಇನ್ನೊಂದು. ಯಾವುದೇ ಎಲೆ ತನ್ನ ಅಂಕಿಯ ಉಳಿದ ಮೂರರಲ್ಲಿ ಎರಡರ ಜೊತೆ ಸೇರಿ ಮೂರು ಬಗೆಯ ಸೆಟ್ ಆಗಬಲ್ಲದು. ಸೀಕ್ವೆನ್ಸ್‌ನಲ್ಲಿ ವ್ಯತ್ಯಾಸ ಬರುತ್ತದೆ. ಎಕ್ಕ ಒಂದೇ ಮೂರೆಲೆಯ ಸಾಲಿಗೆ ಸೇರುತ್ತದೆ, 2 ಎರಡಕ್ಕೆ, 3ರಿಂದ ಗುಲಾಮನವರೆಗಿನ ಎಲ್ಲವೂ ಮೂರು ಮೂರಕ್ಕೆ, ರಾಣಿ ಎರಡಕ್ಕೆ, ರಾಜ ಒಂದೇ ಒಂದಕ್ಕೆ. ಒಟ್ಟಿಗೆ ನೋಡಿದರೆ ರಾಜನಿಗೂ ಎಕ್ಕಕ್ಕೂ ನಾಲ್ಕು ದಾರಿ, ನಡುವಿನ ಎಲೆಗಳಿಗೆ ಆರು. ಎಕ್ಕಕ್ಕೆ ದಾರಿ ಕಡಿಮೆಯಿದ್ದರೂ ಭಾರ ಒಂದೇ ಆದ್ದರಿಂದ ಹಿಡಿದಿಡಬಹುದು. ರಾಜನಿಗೆ ದಾರಿಯೂ ಕಡಿಮೆ, ಭಾರವೂ ಹತ್ತು. ಜೊತೆಯಿಲ್ಲದ ರಾಜನನ್ನು ಮೊದಲ ಸರದಿಯಲ್ಲೇ ಬಿಡಿ.

ಜೊತೆಯಿರುವ ರಾಜನ ಮಾತು ಬೇರೆ. ಎಲ್ಲರೂ ಶುರುವಿನಲ್ಲಿ ರಾಜನನ್ನೇ ಬಿಡುವುದರಿಂದ, ಎರಡು ರಾಜ ಹಿಡಿದವರಿಗೆ ಮೂರನೆಯದು ತೆರೆದ ರಾಶಿಯಲ್ಲೇ ಸಿಗುವ ಸಂಭವ ಆ ಹೊತ್ತಿಗೆ ಹೆಚ್ಚು. ಮೂರು ನಾಲ್ಕು ಸರದಿ ಕಾಯಿರಿ. ಬರದಿದ್ದರೆ ಎರಡನ್ನೂ ಕಳಚಿ. ಆರನೆಯ ಸರದಿಗೂ ರಾಜನ ಜೋಡಿ ಹಿಡಿದು ಕೂತವರು ಎದುರಿನವರು ತಟ್ಟಿದಾಗ ಇಪ್ಪತ್ತು ಪಾಯಿಂಟನ್ನು ಅನ್ಯಾಯವಾಗಿ ಕಳೆದುಕೊಳ್ಳುತ್ತಾರೆ.

ಅರ್ಧ ಆದ ಜೋಡಣೆಗಳಲ್ಲಿಯೂ ಶಕ್ತಿಯ ಏರುಪೇರಿದೆ. ಎರಡು ಏಳು ಹಿಡಿದಿದ್ದರೆ ಮುಗಿಸಬಲ್ಲ ಎಲೆ ಎರಡು. ಆಟೀನ್ 7-8 ಹಿಡಿದರೂ ಎರಡೇ: ಆಟೀನ್ 6, ಆಟೀನ್ 9. ನಡುವೆ ಸಂದುಬಿಟ್ಟ ಆಟೀನ್ 6-8ಕ್ಕೆ ಒಂದೇ ಒಂದು. ಜೋಕರ್ ಇರುವ ಆಟದಲ್ಲಿ ಸಂದು ತುಂಬುವುದು ಸುಲಭ, ಇಲ್ಲಿ ಆ ಭರವಸೆ ಇಟ್ಟುಕೊಳ್ಳಬೇಡಿ. ಆದರೆ ಆಟೀನ್ 7, ಆಟೀನ್ 8, ಇಸ್ಪೀಟ್ 8 ಎಂಬ ಮೂರೆಲೆಯ ತ್ರಿಕೋನ ಹಿಡಿದರೆ ನಾಲ್ಕು ಎಲೆ ನಿಮ್ಮ ಪರ: ಆಟೀನ್ 6, ಆಟೀನ್ 9, ಡೈಮನ್ 8, ಕಳಾವರ್ 8. ಇದಕ್ಕೆ ಇಸ್ಪೀಟ್ 7 ಕೂಡಿದರೆ ಚೌಕ. ಆಗ ಎಂಟು ಎಲೆಗಳಲ್ಲಿ ಯಾವುದು ಬಂದರೂ ಒಂದು ಜೋಡಣೆ ಖಚಿತ. ಆಟದ ಮೊದಲಲ್ಲಿ ನೀವು ಕಾಣದ ಎಲೆ 41 ಇರುತ್ತವೆ (52ರಲ್ಲಿ ನಿಮ್ಮ ಹತ್ತು ಮತ್ತು ತೆರೆದ ಒಂದನ್ನು ಕಳೆದು). ಜೋಡಿಗೆ 41ರಲ್ಲಿ 2, ಎಂದರೆ ಇಪ್ಪತ್ತು ಎಳೆತಕ್ಕೊಮ್ಮೆ. ತ್ರಿಕೋನಕ್ಕೆ ಹತ್ತಕ್ಕೊಮ್ಮೆ. ಚೌಕಕ್ಕೆ ಐದಕ್ಕೊಮ್ಮೆ. ಯಾವ ಎಲೆ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಎಂಬ ಗೊಂದಲವಾದಾಗ ಈ ಮೂರು ಅಂಕಿ ನೆನಪಿದ್ದರೆ ಸಾಕು. ಒಂಟಿ ಜೋಡಿಗಳನ್ನು ಮೂರು ಕಡೆ ಹರಡಿಕೊಳ್ಳುವುದಕ್ಕಿಂತ ಒಂದು ಚೌಕದ ಸುತ್ತ ಕೈ ಕಟ್ಟುವುದು ಮೇಲು.

ಬಿದ್ದ ಎಲೆ ಮತ್ತೆ ಬಾರದು

ಹದಿಮೂರೆಲೆಯ ರಮ್ಮಿಗೆ ಸಾಮಾನ್ಯವಾಗಿ ಎರಡು ಕಟ್ಟು ಕಲಸುತ್ತಾರೆ. ಕಳಾವರ್ 9 ಕಣ್ಣೆದುರೇ ಬಿದ್ದರೂ ಅದರ ಅವಳಿ ಎಲ್ಲೋ ಇದೆ ಎಂದು ಕಾಯಬಹುದು. ಜಿನ್ ರಮ್ಮಿಯಲ್ಲಿ ಪ್ರತಿ ಎಲೆಯೂ ಒಂದೇ. ಬಿದ್ದು ಮುಚ್ಚಿಹೋದ ಎಲೆ ಆ ಸುತ್ತಿಗೆ ಇಲ್ಲ. ಹಾಗಾಗಿ ನೆನಪಿಟ್ಟುಕೊಂಡವರಿಗೆ ಸುತ್ತು ಸಾಗಿದಂತೆ ಎದುರಿನ ಕೈ ನಿಧಾನವಾಗಿ ಪಾರದರ್ಶಕವಾಗುತ್ತಾ ಬರುತ್ತದೆ.

ಒಂದು ನಿದರ್ಶನ. ನೀವು ಡೈಮನ್ 8 ಬಿಟ್ಟಿರಿ, ಎದುರಿನವರು ಥಟ್ಟನೆ ಎತ್ತಿಕೊಂಡರು. ಅದು ಎಂಟರ ಸೆಟ್ಟಿಗೋ ಡೈಮನ್ ಸೀಕ್ವೆನ್ಸ್‌ಗೋ? ಕಳಾವರ್ 8 ಆಗಲೇ ರಾಶಿಗೆ ಬಿದ್ದಿದೆ, ಇಸ್ಪೀಟ್ 8 ನಿಮ್ಮ ಕೈಯಲ್ಲಿದೆ. ಎಂದರೆ ಅವರಿಗೆ ಸಾಧ್ಯವಿರುವ ಎಂಟು ಎರಡೇ, ಸೆಟ್ ಆಗದು. ಹಾಗಾದರೆ ಡೈಮನ್ ಸೀಕ್ವೆನ್ಸ್: 6-7-8, 7-8-9, ಇಲ್ಲವೇ 8-9-10. ಡೈಮನ್ 7 ನಿಮ್ಮಲ್ಲೇ ಇದೆಯೆಂದರೆ ಮೊದಲ ಎರಡೂ ಬಿದ್ದುಹೋದವು. ಅವರ ಕೈಯಲ್ಲಿ ಡೈಮನ್ 8-9-10 ಇದೆ ಎಂದು ಇನ್ನು ಬರೆದುಕೊಡಬಹುದು. ಈಗ ನಿಮ್ಮ ಡೈಮನ್ 7ನ್ನೂ, ಬಂದರೆ ಡೈಮನ್ ಗುಲಾಮನನ್ನೂ ಬಿಡಬಾರದು. ಅವರು ತಟ್ಟಿದರೆ ಆ ಎರಡನ್ನೂ ಅವರ ಸಾಲಿಗೇ ಸೇರಿಸಿ 17 ಪಾಯಿಂಟ್ ಇಳಿಸಬಹುದು.

ಇದೇ ಕಾರಣಕ್ಕೆ ತೆರೆದ ರಾಶಿಯಿಂದ ಎತ್ತುವುದು ದುಬಾರಿ. ಮುಚ್ಚಿದ ಕಟ್ಟಿನಿಂದ ಎಳೆದದ್ದು ನಿಮಗೆ ಮಾತ್ರ ಗೊತ್ತು. ತೆರೆದದ್ದನ್ನು ಎತ್ತಿದರೆ ಕೈಯ ಒಂದು ಕಿಟಕಿ ತೆಗೆದು ತೋರಿಸಿದಂತೆ. ಜೋಡಣೆ ಅಲ್ಲೇ ಮುಗಿಯುವುದಾದರೆ ಎತ್ತಿ. ಅರ್ಧ ಜೋಡಿಗೆಂದು ಎತ್ತಬೇಡಿ. ಇದಕ್ಕೆ ಒಂದು ವಿನಾಯಿತಿ ಇದೆ: ಸುತ್ತು ಕೊನೆಯ ಹಂತದಲ್ಲಿದ್ದು, ಕೈಯ ಭಾರದ ಬಿಡಿ ಎಲೆಯೊಂದನ್ನು ತೆರೆದಿರುವ ಎಕ್ಕ ಅಥವಾ 2ಕ್ಕೆ ಬದಲಿಸಿಕೊಂಡರೆ ಕೂಡಲೇ ತಟ್ಟಬಹುದು ಎಂದಾದಾಗ.

ಬಿಡುವ ಎಲೆ ಸುರಕ್ಷಿತವೋ ಎಂಬುದಕ್ಕೂ ಲೆಕ್ಕವಿದೆ. ಎರಡು ರಾಜ ಬಿದ್ದಿವೆ, ಇಸ್ಪೀಟ್ ರಾಣಿಯೂ ಬಿದ್ದಿದೆ. ಈಗ ಇಸ್ಪೀಟ್ ರಾಜ ನೂರಕ್ಕೆ ನೂರು ಸುರಕ್ಷಿತ: ಸೆಟ್ಟಿಗೆ ಮೂರು ರಾಜ ಉಳಿದಿಲ್ಲ, ಸಾಲಿಗೆ ರಾಣಿಯಿಲ್ಲ. ಇಷ್ಟು ಖಚಿತ ಯಾವಾಗಲೂ ಸಿಗುವುದಿಲ್ಲ. ಅದರ ಮುಂದಿನ ಮೆಟ್ಟಿಲು, ಎದುರಿನವರು ಈಗಷ್ಟೇ ಬಿಟ್ಟ ಅಂಕಿಯನ್ನೇ ಬಿಡುವುದು. ಅವರು ಡೈಮನ್ 9 ಬಿಟ್ಟರೆ ಒಂಬತ್ತುಗಳನ್ನು ಕೂಡಿಹಾಕುತ್ತಿಲ್ಲ ಎಂದರ್ಥ, ಹಾಗಾಗಿ ನಿಮ್ಮ ಇಸ್ಪೀಟ್ 9 ಬಹುಮಟ್ಟಿಗೆ ಕ್ಷೇಮ.

ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ಈ ತರ್ಕ ಬಲ್ಲವರು ಇದನ್ನೇ ಗಾಳವಾಗಿ ಎಸೆಯುತ್ತಾರೆ. ಕಳಾವರ್ 7-8 ಹಿಡಿದು ಕಳಾವರ್ 9ಕ್ಕೆ ಕಾಯುತ್ತಿರುವವರು ಬೇಕೆಂದೇ ಆಟೀನ್ 9 ಬಿಡುತ್ತಾರೆ. ಒಂಬತ್ತು ಇವರಿಗೆ ಬೇಡ ಎಂದುಕೊಂಡು ನೀವು ಕಳಾವರ್ 9 ಬಿಟ್ಟರೆ ಗಾಳಕ್ಕೆ ಮೀನು ಬಿತ್ತು. ಗಾಳ ಹಾಕುವವರಿಗೆ ಒಂದು ಮಾತು: ಮೊದಲ ನಾಲ್ಕೈದು ಸರದಿಯಲ್ಲಿ ಮಾತ್ರ ಹಾಕಿ, ಒಂದು ಸುತ್ತಿಗೆ ಒಂದೇ ಸಲ. ಎದುರಿನವರು ಎಲೆಗಳನ್ನು ನೆನಪಿಡದ ಹೊಸಬರಾದರೆ ಗಾಳವೇ ವ್ಯರ್ಥ. ಅವರು ನೀವು ಬಿಟ್ಟದ್ದನ್ನು ನೋಡಿಯೇ ಇರುವುದಿಲ್ಲ.

ಭಾರತದ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಬಿದ್ದ ಎಲೆಗಳನ್ನು ನೆನಪಿಡುವುದೂ, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕೆಂಬ ವಿವೇಕವೂ ಇದ್ದವು. ಆ ತೀರ್ಪು ಬಂದದ್ದು ಹದಿಮೂರೆಲೆಯ ರಮ್ಮಿಯ ಬಗ್ಗೆ; ಆ ಮಾತು ಒಂದೇ ಕಟ್ಟಿನ ಜಿನ್ ರಮ್ಮಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಮನೆಯ ಆಟಕ್ಕೂ ಹಣ ಬೇಕಿಲ್ಲ, ಪಾಯಿಂಟಿನ ಪೈಪೋಟಿಯೇ ಬೇಕಾದಷ್ಟಿದೆ.

ಪಾಯಿಂಟ್ ಬರೆಯುವುದು

ಸುತ್ತು ಸುತ್ತಿಗೂ ಕೂಡುತ್ತಾ ಹೋಗಿ ಯಾರು ಮೊದಲು 100 ಮುಟ್ಟುತ್ತಾರೋ ಅವರಿಗೆ ಆಟ. ಆಗ ಗೆದ್ದವರಿಗೆ 100 ಬೋನಸ್. ಅದಲ್ಲದೆ ಇಬ್ಬರಿಗೂ ತಾವು ಗೆದ್ದ ಪ್ರತಿ ಸುತ್ತಿಗೆ 25ರಂತೆ. ಗೆದ್ದ ಸುತ್ತಿಗೊಂದು ಹುಣಸೆಬೀಜ ಪಕ್ಕಕ್ಕಿಟ್ಟುಕೊಂಡರೆ ಕೊನೆಯಲ್ಲಿ ತಕರಾರು ಬರದು. ನೀವು ನಾಲ್ಕು ಸುತ್ತು ಗೆದ್ದು 104 ಮಾಡಿದ್ದೀರಿ, ಎದುರಿನವರು ಮೂರು ಸುತ್ತಿನಲ್ಲಿ 61 ಎಂದುಕೊಳ್ಳಿ. ನಿಮ್ಮದು 104+100+100, ಒಟ್ಟು 304. ಅವರದು 61+75, ಒಟ್ಟು 136. ಅಂತರ 168. ಎದುರಿನವರು ಒಂದೂ ಪಾಯಿಂಟ್ ಗಳಿಸದೆ ಸೋತರೆ ದುಪ್ಪಟ್ಟು ಕೊಡುವ ಪದ್ಧತಿಯೂ ಇದೆ. ಸೋತವರು ಮುಂದಿನ ಸುತ್ತು ಹಂಚುವುದು ಸಾಮಾನ್ಯ ಕ್ರಮ.

ಈ ಲೆಕ್ಕ ತಟ್ಟುವ ನಿರ್ಧಾರವನ್ನೂ ಬದಲಿಸುತ್ತದೆ. ಎದುರಿನವರು 92ರಲ್ಲಿದ್ದರೆ ಅಂಡರ್‌ಕಟ್ ಆದ ಕೂಡಲೇ ಆಟವೇ ಮುಗಿಯುತ್ತದೆ. ಆಗ ಹತ್ತರ ಮೇಲೆ ತಟ್ಟುವ ಧೈರ್ಯ ಬೇಡ. ನೀವೇ 95ರಲ್ಲಿದ್ದರೆ ಐದು ಪಾಯಿಂಟಿನ ಗೆಲುವೂ ಸಾಕು, ಜಿನ್‌ಗೆ ಕಾಯುವುದು ಮೂರ್ಖತನ. ಸುತ್ತಿಗೆ 25ರ ಬೋನಸ್ ಇರುವುದರಿಂದ, ಮೇಲಿನ ಉದಾಹರಣೆಯಲ್ಲಿ ಸಿಕ್ಕ ಒಂದೇ ಒಂದು ಪಾಯಿಂಟ್ ಕೂಡ ಕೊನೆಗೆ 26ರ ಬೆಲೆ ಬಾಳುತ್ತದೆ.

ಈ ಆಟ ಕೈಗೆ ಹತ್ತಿದ ಮೇಲೆ ಓಕ್ಲಹೋಮಾ ಎಂಬ ಬಗೆ ಆಡಿ ನೋಡಿ. ಮೊದಲು ತೆರೆದ ಎಲೆಯ ಬೆಲೆಯೇ ಆ ಸುತ್ತಿಗೆ ತಟ್ಟುವ ಮಿತಿ. 4 ತೆರೆದರೆ ಬಿಡಿ ನಾಲ್ಕಕ್ಕೆ ಇಳಿಯುವವರೆಗೆ ತಟ್ಟುವಂತಿಲ್ಲ. ಎಕ್ಕ ತೆರೆದರೆ ಜಿನ್ ಆಗಲೇಬೇಕು.

ಕಲಸುವುದು, ಮತ್ತು ಮಲೆನಾಡಿನ ತೇವ

ಒಂದು ಸುತ್ತು ಮುಗಿದಾಗ ಎಲೆಗಳು ಸೆಟ್ಟು, ಸೀಕ್ವೆನ್ಸುಗಳಾಗಿ ಗುಂಪುಗುಂಪಾಗಿ ಬಿದ್ದಿರುತ್ತವೆ. ಕೈಯಲ್ಲೇ ನಾಲ್ಕು ಸಲ ಮೇಲೆಕೆಳಗೆ ಮಾಡಿ ಹಂಚಿದರೆ ಆ ಗುಂಪುಗಳು ಮುರಿಯುವುದಿಲ್ಲ. ಮುಂದಿನ ಸುತ್ತಿನಲ್ಲಿ ಮೂರು ಒಂಬತ್ತು ಒಂದರ ಹಿಂದೊಂದು ಬರುತ್ತವೆ. ಕಟ್ಟನ್ನು ಎರಡು ಭಾಗ ಮಾಡಿ ಅಂಚಿಗೆ ಅಂಚು ಹೆಣೆದು ಕಲಸುವ ವಿಧಾನದಲ್ಲಿ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ 1992ರಲ್ಲಿ ತೋರಿಸಿಕೊಟ್ಟರು. ಹಾಗೆ ಹೆಣೆಯಲು ಬಾರದಿದ್ದರೆ ಚಾಪೆಯ ಮೇಲೆ ಎಲ್ಲವನ್ನೂ ಮುಖ ಕೆಳಗೆ ಹರಡಿ ಎರಡೂ ಅಂಗೈಯಿಂದ ಒಂದು ನಿಮಿಷ ಚೆನ್ನಾಗಿ ಕಲೆಸಿ. ಮಕ್ಕಳ ಆಟದಂತೆ ಕಂಡರೂ ಅದು ಒಳ್ಳೆಯ ವಿಧಾನವೇ.

ಕಾಗದದ ಇಸ್ಪೀಟು ನಮ್ಮ ಜುಲೈ ತಿಂಗಳನ್ನು ತಾಳುವುದಿಲ್ಲ. ತೇವಕ್ಕೆ ಅಂಚು ಉಬ್ಬುತ್ತದೆ, ಎರಡು ಎಲೆ ಅಂಟಿಕೊಂಡು ಒಂದಾಗಿ ಬರುತ್ತವೆ. ಹಂಚಿದ ಕೂಡಲೇ ಇಬ್ಬರೂ ತಮ್ಮ ಎಲೆ ಹತ್ತೇ ಇದೆಯೇ ಎಂದು ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ. ನಾಲ್ಕೈದು ಸರದಿಯಾದ ಮೇಲೆ ಹನ್ನೊಂದು ಕಂಡರೆ ಆ ಸುತ್ತನ್ನು ಕೈಬಿಡದೆ ಬೇರೆ ದಾರಿಯಿಲ್ಲ. ಮೂಲೆ ಮಡಚಿದ ಒಂದು ಎಲೆ ಬೆನ್ನಿನಿಂದಲೇ ಗುರುತು ಸಿಗುವುದು ಇನ್ನೂ ದೊಡ್ಡ ತೊಂದರೆ. ಒಂದೊಂದೇ ಎಲೆಯ ಮೇಲೆ ನಿಂತಿರುವ ಆಟದಲ್ಲಿ ಕಳಾವರ್ 8 ಎದುರಿನ ಕೈಯಲ್ಲಿದೆ ಎಂದು ಗೊತ್ತಾದರೆ ಆಟವೇ ಕೆಟ್ಟಿತು. ಮಳೆಗಾಲಕ್ಕೆ ಪ್ಲಾಸ್ಟಿಕ್ ಎಲೆಯ ಕಟ್ಟು ತಂದಿಟ್ಟುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬಹುದು. ಕಾಗದದ್ದೇ ಇದ್ದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದು ಹಿಡಿ ಒಣ ಅಕ್ಕಿಯ ಪೊಟ್ಟಣದ ಜೊತೆ ಇಡಿ. ಕೋಡುಬಳೆ ತಿಂದ ಕೈಯನ್ನು ಒರೆಸದೆ ಎಲೆ ಮುಟ್ಟಬೇಡಿ.

ನೆನಪನ್ನು ಬೆಳೆಸಿಕೊಳ್ಳಲು 52 ಎಲೆಯನ್ನೂ ಒಮ್ಮೆಗೇ ಹಿಡಿಯಲು ಹೋಗುವುದು ಬೇಡ. ಮೊದಲ ಹತ್ತು ಆಟಗಳಲ್ಲಿ ಎದುರಿನವರು ತೆರೆದ ರಾಶಿಯಿಂದ ಎತ್ತಿಕೊಂಡ ಎಲೆಗಳನ್ನು ಮಾತ್ರ ನೆನಪಿಡಿ. ಒಂದು ಸುತ್ತಿಗೆ ಎರಡು ಮೂರಕ್ಕಿಂತ ಹೆಚ್ಚು ಇರುವುದಿಲ್ಲ. ಅದು ಸಲೀಸಾದ ಮೇಲೆ ನಿಮ್ಮ ಕೈಯ ಅರ್ಧ ಜೋಡಣೆಗಳಿಗೆ ಬೇಕಾದ ಎಲೆಗಳಲ್ಲಿ ಯಾವ್ಯಾವುದು ಬಿದ್ದುಹೋಯಿತು ಎಂಬುದನ್ನು ಸೇರಿಸಿಕೊಳ್ಳಿ. ಆಮೇಲೆ ಬಿದ್ದ ರಾಜ, ರಾಣಿ, ಗುಲಾಮರು. ಪ್ರತಿ ಸುತ್ತಿನಲ್ಲೂ ಎದುರಿನವರು ತಟ್ಟಿದ ಕ್ಷಣ, ಅವರು ಎಲೆ ಹರಡುವ ಮೊದಲೇ, ಅವರ ಒಂದು ಜೋಡಣೆ ಯಾವುದಿರಬಹುದು ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಅವರು ಹರಡಿದ್ದರ ಜೊತೆ ತಾಳೆ ನೋಡಿ.